ಒಂದೇ ಕಾಲುವೆಯ ನೀರು

2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ ಜೋರಾಗಿದ್ದಾಗ ನಾನು ಚೆನ್ನೈನಲ್ಲಿದ್ದೆ. ನಮ್ಮ ಗದ್ದೆ ಇರುವುದು ಮಂಡ್ಯದ ಕಡೆ, ನಾಲೆ ನೀರಿನಲ್ಲಿ. ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಗದ್ದೆ ತಂಜಾವೂರಿನ ಕಡೆ. ದಿನವೂ ಒಟ್ಟಿಗೆ ಡಬ್ಬಿ ಬಿಚ್ಚುತ್ತಿದ್ದ ನಾವು ಆ ವಾರ ಬೇರೆ ಬೇರೆ ಮೇಜು ಹಿಡಿದೆವು. ಇಂಗ್ಲಿಷ್ ಸುದ್ದಿಗಳಲ್ಲಿ ‘ರೈವಲ್’ ಎಂಬ ಪದ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿತ್ತು. ಒಂದು ರಾತ್ರಿ ಅದರ ಹುಟ್ಟು ಹುಡುಕುತ್ತ ಕುಳಿತೆ.

ರೈವಲ್ ಬಂದಿರುವುದು ಲ್ಯಾಟಿನ್ನಿನ ‘ರೀವಾಲಿಸ್’ ಪದದಿಂದ. ಅದರ ಬೇರು ‘ರೀವುಸ್’, ಎಂದರೆ ತೊರೆ, ಕಾಲುವೆ. ‘ರಿವರ್’ ಕೂಡ ಇದರ ನೆಂಟನೆಂದುಕೊಂಡಿದ್ದೆ. ಅಲ್ಲ, ಅದು ದಡ ಎಂಬರ್ಥದ ‘ರೀಪಾ’ದಿಂದ ಬಂದದ್ದು. ರೀವುಸ್‌ನ ನಿಜವಾದ ನೆಂಟ ‘ಡಿರೈವ್’: ತೊರೆಯಿಂದ ನೀರು ತಿರುಗಿಸಿಕೊಳ್ಳುವುದು.

ಚಕ್ರವರ್ತಿ ಜಸ್ಟಿನಿಯನ್ 533ರಲ್ಲಿ ಹೊರತಂದ ‘ಡೈಜೆಸ್ಟ್’ ಎಂಬ ಕಾನೂನು ಸಂಗ್ರಹದ 43ನೆಯ ಪುಸ್ತಕದಲ್ಲಿ ನೀರಿನ ಹಕ್ಕಿನ ಮಾತು ಬರುತ್ತದೆ. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವರೇ ರೀವಾಲಿಸ್‌ಗಳು ಎಂದು ನ್ಯಾಯಶಾಸ್ತ್ರಜ್ಞ ಉಲ್ಪಿಯನ್ ಅಲ್ಲಿ ಬಿಡಿಸಿ ಹೇಳುತ್ತಾನೆ. ಹೇಳುವ ಸಂದರ್ಭ ಮಾತ್ರ ಅವರ ನಡುವಿನ ಜಗಳದ್ದೇ! ನೀರು ಹಂಚಿಕೊಳ್ಳುವವನು ಎದುರಾಳಿಯಾದದ್ದು ಬಲು ಹಿಂದೆ. ಕ್ರಿ.ಪೂ. 161ರ ಟೆರೆನ್ಸನ ‘ಯೂನುಕಸ್’ ನಾಟಕದಲ್ಲೇ ಒಬ್ಬ ಹೆಣ್ಣಿಗಾಗಿ ಪೈಪೋಟಿ ನಡೆಸುವವನಿಗೆ ಈ ಹೆಸರಿದೆ. ಆದರೂ ಹಳೆಯ ಒಸರು ಪೂರ್ತಿ ಬತ್ತಿರಲಿಲ್ಲ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮೊದಲ ದೃಶ್ಯದಲ್ಲಿ ಕಾವಲುಗಾರನೊಬ್ಬ ತನ್ನ ಜೊತೆ ಪಹರೆ ಕಾಯುವವರನ್ನೇ ‘ರೈವಲ್’ಗಳೆನ್ನುತ್ತಾನೆ.

ನಮ್ಮ ‘ದಾಯಾದಿ’ಯೂ ಇದೇ ದಾರಿ ಹಿಡಿದ ಪದ. ದಾಯ ಎಂದರೆ ಪಾಲು. ಪಾಲು ಪಡೆಯುವವನು ದಾಯಾದ. ಈಗ ದಾಯಾದಿ ಎಂದೊಡನೆ ನೆನಪಾಗುವುದು ಮತ್ಸರವೇ.

ಮೈಸೂರು, ಮದ್ರಾಸುಗಳು 1892ರಲ್ಲೊಮ್ಮೆ, 1924ರಲ್ಲೊಮ್ಮೆ ಒಪ್ಪಂದ ಮಾಡಿಕೊಂಡವು. ಜಗಳ ಮುಗಿಯಲಿಲ್ಲ. ಪದದ ಮೂಲ ತಿಳಿದರೆ ಗದ್ದೆಗೆ ಒಂದು ಹನಿಯೂ ಹೆಚ್ಚು ಬರುವುದಿಲ್ಲ, ನಿಜ. ಆದರೆ ಸಂಬಂಧವೇ ಇಲ್ಲದವರು ನೀರಿಗಾಗಿ ಜಗಳವಾಡುವುದಿಲ್ಲ.

ಮರುದಿನ ಡಬ್ಬಿ ಹಿಡಿದು ಗೆಳೆಯನ ಮೇಜಿಗೇ ಹೋದೆ. ಕಥೆಯನ್ನೆಲ್ಲ ಕೇಳಿ ಅವನು, “ನಮ್ಮಲ್ಲಿ ಪಂಗಾಳಿ ಅಂತೀವಿ. ಪಾಲುದಾರ ಅಂತ ಅರ್ಥ. ಆಸ್ತಿಗೆ ಹೊಡೆದಾಡೋ ದಾಯಾದಿಗೂ ಅದೇ ಮಾತು, ಹತ್ತಿರದ ಗೆಳೆಯನನ್ನ ಕರೆಯೋಕೂ ಅದೇ” ಎಂದ. ಆಮೇಲೆ ತನ್ನ ಡಬ್ಬಿಯನ್ನು ನನ್ನತ್ತ ಸರಿಸಿದ.