ಪೋರ್ಟ್ ಖಾಲಿ ಇದೆ, ವ್ಯಾಟ್ ಉಳಿದಿದೆಯೇ?

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಆಫೀಸು, ಶಾಲೆ, ಆಸ್ಪತ್ರೆಗಳಲ್ಲಿ ವೈಫೈ ಸಾಲದೆಂದು ನಾಲ್ಕು ಆಕ್ಸೆಸ್ ಪಾಯಿಂಟ್ ಕೂಡಿಸುವಾಗ ಎಲ್ಲರೂ ಸ್ವಿಚ್‌ನಲ್ಲಿ ಖಾಲಿ ಪೋರ್ಟ್ ಎಣಿಸುತ್ತಾರೆ. ಎಣಿಸಬೇಕಾದದ್ದು ವ್ಯಾಟ್.

ಡೇಟಾ ಹರಿಯುವ ಕೇಬಲ್ಲಿನಲ್ಲೇ ಕರೆಂಟನ್ನೂ ಕಳಿಸುವ 'ಪವರ್ ಓವರ್ ಈಥರ್ನೆಟ್'ಗೆ ಮೊದಲ ಮಾನಕ ಬಂದದ್ದು 2003ರಲ್ಲಿ. ಆಗ ಮುಖ್ಯ ಗಿರಾಕಿ ಮೇಜಿನ ಮೇಲಿನ ಐಪಿ ಫೋನು, ಪೋರ್ಟಿಗೆ 15.4 ವ್ಯಾಟ್ ಧಾರಾಳವೆನಿಸಿತ್ತು. ನಮ್ಮ ಕಡೆ ಇದರ ಬೆಲೆ ತಿಳಿಸಿದ್ದು ಲೋಡ್‌ಶೆಡ್ಡಿಂಗ್. 2005ರ ನಂತರದ ವರ್ಷಗಳಲ್ಲಿ ಮುಂಬಯಿ ಶಹರಕ್ಕೆ ತಟ್ಟದ ಕತ್ತಲೆ ಥಾಣೆ ದಾಟಿದವರ ದಿನಚರಿಯಾಗಿತ್ತು. ಕೇಬಲ್ಲಿನಲ್ಲೇ ಕರೆಂಟ್ ಬಂದರೆ ಸೀಲಿಂಗಿನ ಒಂದೊಂದು ವೈಫೈ ಪೆಟ್ಟಿಗೆಗೂ ಬೇರೆ ಅಡಾಪ್ಟರ್, ಬೇರೆ ಬ್ಯಾಟರಿ ಬೇಡ. ರ‍್ಯಾಕಿನ ಒಂದೇ ಯುಪಿಎಸ್ ಇಡೀ ಮಹಡಿಯ ವೈಫೈ ಉಳಿಸುತ್ತದೆ. ಅದು ನಿಜವಾದ ಉಪಕಾರ.

ಆ 15.4 ವ್ಯಾಟ್ ಕಾಲದ ಗುರುತು ಇಂದಿಗೂ ಸ್ವಿಚ್‌ಗಳ ಮೇಲಿದೆ. 24 ಪೋರ್ಟ್‌ನ ಎಷ್ಟೋ ಮಾದರಿಗಳಿಗೆ ಒಟ್ಟು 370 ವ್ಯಾಟ್, 48ರದಕ್ಕೆ 740. ಎಲ್ಲಿಂದ ಬಂತು ಈ ಅಂಕಿ? 24ನ್ನು 15.4ರಿಂದ ಗುಣಿಸಿ: 369.6.

ಉಪಕರಣಗಳ ಹಸಿವು ಮಾತ್ರ ಅಲ್ಲಿಗೆ ನಿಲ್ಲಲಿಲ್ಲ. 2009ರಲ್ಲಿ ಪೋರ್ಟಿಗೆ 30 ವ್ಯಾಟ್ ಆಯಿತು. ವೈಫೈಯ 'ಎನ್' ಪೀಳಿಗೆಯ ಮಾನಕ ಅಂತಿಮವಾದದ್ದೂ ಅದೇ ವರ್ಷ; ಆಂಟೆನಾ, ರೇಡಿಯೊ ಹೆಚ್ಚಿದಂತೆ ಹಳೆಯ ಮಿತಿ ಇಕ್ಕಟ್ಟಾಯಿತು. 2018ರಲ್ಲಿ 60 ಮತ್ತು 90 ವ್ಯಾಟ್. ಇವು ಸ್ವಿಚ್ ಕೊಡುವ ಲೆಕ್ಕ. ನೂರು ಮೀಟರ್ ಕೇಬಲ್ಲಿನ ಆಚೆ ತುದಿಗೆ 30ರಲ್ಲಿ ಖಾತರಿಯಾಗಿ ತಲುಪುವುದು 25.5, ಉಳಿದದ್ದು ತಂತಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಅಗ್ಗವೆಂದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಎಳೆಸಿದರೆ ನಷ್ಟ ಇನ್ನೂ ಹೆಚ್ಚು. ಆ ಕೇಬಲ್ಲನ್ನು ಯಾರೂ ಕೊಳ್ಳಬಾರದು.

ಒಂದು ಲೆಕ್ಕ ನೋಡಿ. 24 ಪೋರ್ಟ್, 370 ವ್ಯಾಟ್‌ನ ಸ್ವಿಚ್‌ನಲ್ಲಿ ಹಳೆಯ ದರ್ಜೆಯ 18 ಕ್ಯಾಮೆರಾ, ಆಕ್ಸೆಸ್ ಪಾಯಿಂಟ್‌ಗಳಿವೆ ಎಂದುಕೊಳ್ಳಿ. ತಲಾ 15.4ರಂತೆ 277.2 ವ್ಯಾಟ್ ಮೀಸಲು. ಪೋರ್ಟ್ ಇನ್ನೂ ಆರು ಖಾಲಿ, ಆದರೆ ಉಳಿದದ್ದು 92.8 ವ್ಯಾಟ್, 30ರ ದರ್ಜೆಯ ಹೊಸ ಉಪಕರಣ ಮೂರಕ್ಕೆ ಮಾತ್ರ ಸಾಕು. ನಾಲ್ಕನೆಯದನ್ನು ಸಿಕ್ಕಿಸಿದರೆ ಅದು ಹೊತ್ತಿಕೊಳ್ಳದು. ಇಲ್ಲವೇ ಆದ್ಯತೆ ಕಡಿಮೆಯಿರುವ ಕ್ಯಾಮೆರಾ ಆರಿಹೋದೀತು. ಉಪಕರಣಗಳು ನಿಜವಾಗಿ ಎಳೆಯುವುದು ಇದಕ್ಕಿಂತ ಕಡಿಮೆಯೇ. ಎಲ್‌ಎಲ್‌ಡಿಪಿ ಎಂಬ ಸಂವಹನ ವಿಧಾನದ ಮೂಲಕ ತಮ್ಮ ಅಗತ್ಯವನ್ನು ಸ್ವಿಚ್‌ಗೆ ತಿಳಿಸಿದರೆ ಮೀಸಲು ಇಳಿಯುತ್ತದೆ. ಆದರೂ ದಟ್ಟಣೆಯ ಹೊತ್ತಿನ ಗರಿಷ್ಠವನ್ನೇ ಹಿಡಿಯುವುದು ಕ್ಷೇಮ.

ಈಗಿನ ವೈಫೈ 7 ಪೆಟ್ಟಿಗೆಗಳಲ್ಲಿ ಮೂರು ರೇಡಿಯೊ ಇರುವಂಥವು 30 ವ್ಯಾಟ್ ಮೀರುವುದುಂಟು. ಕರೆಂಟ್ ಸಾಲದಿದ್ದರೆ ಕೆಲವು ಕೆಡುವುದಿಲ್ಲ, ಸದ್ದಿಲ್ಲದೆ ಒಂದು ರೇಡಿಯೊ ಅಥವಾ ಯುಎಸ್‌ಬಿ ಪೋರ್ಟನ್ನು ನಿಲ್ಲಿಸುತ್ತವೆ. ಕೊಂಡವರಿಗೆ ಗೊತ್ತೇ ಆಗುವುದಿಲ್ಲ. 6 ಗಿಗಾಹರ್ಟ್ಸ್‌ನ ಕೆಳಭಾಗವನ್ನು ಲೈಸೆನ್ಸ್‌ಮುಕ್ತಗೊಳಿಸುವ ಕರಡು ನಿಯಮ ಭಾರತದಲ್ಲಿ 2025ರ ಮೇನಲ್ಲಿ ಹೊರಬಿದ್ದ ಮೇಲೆ ಆ ತರಂಗಪಟ್ಟಿಯ ಮೂರನೆಯ ರೇಡಿಯೊ ಇಲ್ಲಿಯೂ ಮುಖ್ಯವಾಗಿದೆ. ಹೊಸ ಸ್ವಿಚ್ ಕೊಳ್ಳುವವರು ಎರಡನೆಯ ಪವರ್ ಸಪ್ಲೈಗೆ ಜಾಗ ಇರುವ ಮಾದರಿಯನ್ನೇ ಕೇಳಲಿ. ಆ ಸ್ವಿಚ್ ಪೋರ್ಟ್‌ಗಳಿಗೆ ಕೊಡುವ ಪೂರ್ತಿ ವ್ಯಾಟ್‌ಗೆ ಅದರ ಸ್ವಂತ ಬಳಕೆಯನ್ನೂ ಪರಿವರ್ತನೆಯ ನಷ್ಟವನ್ನೂ ಸೇರಿಸಿ, ಫೋನುಗಳ ಕಾಲದಲ್ಲಿ ಕೊಂಡ ಯುಪಿಎಸ್ ಎಷ್ಟು ನಿಮಿಷ ತಾಳುತ್ತದೆಂದು ಮಳೆಗಾಲಕ್ಕೆ ಮುಂಚೆಯೇ ನೋಡಿಕೊಳ್ಳಲಿ.