ಆಟವೆಂದು ಕರೆದ ದುಡಿಮೆ

ಮಕ್ಕಳ ಆಟವನ್ನು ಕಂಡು ಹಿರಿಯರು ನಗುವುದು ಮನೆಮನೆಯಲ್ಲಿಯೂ ಉಂಟು. ತೊದಲುಮಾತು, ಹುಸಿಮುನಿಸು, ದೊಡ್ಡವರ ಗತ್ತಿನ ಅನುಕರಣೆ ಇವುಗಳಿಗೆ ಬೆಲೆ ಕಟ್ಟುವ ಯೋಚನೆ ಯಾರಿಗೂ ಬರುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ, ಅಮೆರಿಕದ ಹಾಲಿವುಡ್ಡಿನಲ್ಲಿ, ಈ ನಗುವಿಗೂ ಬೆಲೆ ಬಂದಿತು. ಮುಖ್ಯ ಚಿತ್ರದ ಜೊತೆಗೆ ಒಂದು ರೀಲು, ಎರಡು ರೀಲುಗಳ ಕಿರು ಹಾಸ್ಯಚಿತ್ರವನ್ನು ತೋರಿಸುವುದು ಆಗಿನ ಚಿತ್ರಮಂದಿರಗಳ ಪದ್ಧತಿ. ಹತ್ತಿಪ್ಪತ್ತು ನಿಮಿಷಗಳ ಈ ಚಿತ್ರಗಳಿಗೆ ಸದಾ ಹೊಸ ಸರಕು ಬೇಕಾಗಿತ್ತು. ಅದನ್ನು ಒದಗಿಸಿದವರಲ್ಲಿ ಮಕ್ಕಳೂ ಸೇರಿದ್ದರು. ಆ ಮಕ್ಕಳು ಆಡುತ್ತಿದ್ದಾರೆಂದು ಜನ ನಂಬಿದರು. ವಾಸ್ತವವಾಗಿ ಅವರು ದುಡಿಯುತ್ತಿದ್ದರು. ದುಡಿಮೆಯನ್ನು ಆಟವೆಂದು ಕರೆದುದರಿಂದ ಏನಾಯಿತೆಂಬುದೇ ಇಂದಿನ ಭಾಷಣದ ವಸ್ತು.

1920ರಲ್ಲಿ ಪೆಗಿ ಜೀನ್ ಮಾಂಟ್‌ಗೊಮರಿ ಎಂಬ ಹತ್ತೊಂಬತ್ತು ತಿಂಗಳ ಮಗು ತಾಯಿಯೊಡನೆ ಸೆಂಚುರಿ ಸ್ಟುಡಿಯೋಗೆ ಹೋಗಿತ್ತು. ಅದರ ತಂದೆ ನುರಿತ ಕುದುರೆಸವಾರ. ಕೌಬಾಯ್ ಚಿತ್ರಗಳಲ್ಲಿ ನಾಯಕನ ಬದಲಿಗೆ ಅಪಾಯದ ಸವಾರಿ ಮಾಡಿ ಜೀವನ ಸಾಗಿಸುತ್ತಿದ್ದವನು. ಹೇಳಿದ ಮಾತನ್ನು ತಪ್ಪದೆ ಕೇಳುತ್ತಿದ್ದ ಆ ಮಗು ನಿರ್ದೇಶಕ ಫ್ರೆಡ್ ಫಿಶ್‌ಬ್ಯಾಕನ ಕಣ್ಣಿಗೆ ಬಿದ್ದಿತು. ಮೊದಲು ಬ್ರೌನಿ ಎಂಬ ನಾಯಿಯ ಜೊತೆಗಾತಿಯಾಗಿ, ಬಳಿಕ ತಾನೇ ತಾರೆಯಾಗಿ, 'ಬೇಬಿ ಪೆಗಿ' ಎಂಬ ಹೆಸರಿನಿಂದ ಆರು ವರ್ಷ ತುಂಬುವುದಕ್ಕೆ ಮೊದಲೇ ಅದು ಸುಮಾರು 150 ಕಿರುಚಿತ್ರಗಳಲ್ಲಿ ಅಭಿನಯಿಸಿತು. ದೊಡ್ಡ ನಟಿಯರ ಬೆಡಗನ್ನು ಅಣಕಿಸುವುದರಲ್ಲಿ ಅದರ ಚಾತುರ್ಯ ಅಸಾಧಾರಣವಾಗಿತ್ತು. ಅದರ ಮುಖವನ್ನು ಹೋಲುವ ಗೊಂಬೆಗಳು ಅಂಗಡಿಗಳಿಗೆ ಬಂದವು.

ಈ ಚಾತುರ್ಯದ ಮೂಲ ಯಾವುದು? ವಿಧೇಯತೆಯೇ ಎಂಬುದು ತಂದೆಯ ಹೆಮ್ಮೆಯ ಉತ್ತರ. ಅಳು ಎಂದರೆ ಅಳಬೇಕು, ನಗು ಎಂದರೆ ನಗಬೇಕು, ಹೆದರು ಎಂದರೆ ಹೆದರಬೇಕು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ ಕೆಲಸವಿತ್ತೆಂದು ಆಕೆ ಮುಂದೆ ಸ್ಮರಿಸಿಕೊಂಡಿದ್ದಾರೆ. ತಂದೆಗೂ ನಿರ್ಮಾಪಕನಿಗೂ ಹಣದ ವಿಷಯದಲ್ಲಿ ಜಗಳವಾಯಿತು; ಅದರೊಡನೆ ಹುಡುಗಿಯ ಚಿತ್ರಜೀವನವೂ ಕುಸಿಯಿತು. ಬಳಿಕ ಊರೂರಿನ ರಂಗಪ್ರದರ್ಶನಗಳು. 1930ರ ದಶಕದಲ್ಲಿ ಅದೇ ಹಾಲಿವುಡ್ಡಿನಲ್ಲಿ ಗುಂಪಿನ ದೃಶ್ಯಗಳ ಹೆಸರಿಲ್ಲದ ಪಾತ್ರಗಳು. ಗಳಿಸಿದ ಹಣದಲ್ಲಿ ಆಕೆಯ ಪಾಲಿಗೆಂದು ಏನೂ ಉಳಿದಿರಲಿಲ್ಲ.

ಒಂಟಿ ಮಗುವಿನ ಕಥೆ ಇದಾದರೆ, ಮಕ್ಕಳ ಗುಂಪನ್ನೇ ಕಟ್ಟಿದವನು ನಿರ್ಮಾಪಕ ಹ್ಯಾಲ್ ರೋಚ್. ಬಣ್ಣ ಬಳಿದುಕೊಂಡು ಪಾಠ ಒಪ್ಪಿಸಿದ ಬಾಲಕಿಯೊಬ್ಬಳ ಅಭಿನಯದಿಂದ ಬೇಸತ್ತು ಕಿಟಕಿಯಾಚೆ ನೋಡಿದಾಗ, ಮರದ ತುಂಡುಗಳಿಗಾಗಿ ಜಗಳವಾಡುತ್ತಿದ್ದ ಬೀದಿಯ ಮಕ್ಕಳು ತನ್ನನ್ನು ಸೆರೆಹಿಡಿದರೆಂದು ಆತ ಹೇಳುತ್ತಿದ್ದುದುಂಟು. 1922ರಲ್ಲಿ ಆರಂಭವಾದ ಆತನ 'ಅವರ್ ಗ್ಯಾಂಗ್', ಎಂದರೆ 'ನಮ್ಮ ಪಟಾಲಮ್ಮು', 1944ರವರೆಗೆ 220 ಕಿರುಚಿತ್ರಗಳಾಗಿ ಬೆಳೆಯಿತು. ಅವುಗಳಲ್ಲೊಂದು 1936ರ ಚಿತ್ರಗಳ ಸಾಲಿನಲ್ಲಿ ಆಸ್ಕರ್ ಪ್ರಶಸ್ತಿಯನ್ನೂ ಪಡೆಯಿತು.

ಮೂಕಿಚಿತ್ರಗಳ ಕಾಲದಲ್ಲಿ ನಿರ್ದೇಶಕ ರಾಬರ್ಟ್ ಮೆಕ್‌ಗೋವನ್ ಮಕ್ಕಳಿಗೆ ಸನ್ನಿವೇಶವನ್ನು ಆಟದಂತೆ ವಿವರಿಸಿ, ಕ್ಯಾಮೆರಾ ತಿರುಗುತ್ತಿರುವಾಗಲೇ ಪಕ್ಕದಲ್ಲಿ ನಿಂತು ಹೇಳಿಕೊಡಬಹುದಾಗಿತ್ತು. 1929ರಲ್ಲಿ ಈ ಮಾಲೆಗೆ ಮಾತು ಬಂದ ಮೇಲೆ ಆ ಅನುಕೂಲ ತಪ್ಪಿತು. ಓದಲು ಬಾರದ ಮಕ್ಕಳು ಕೂಡ ಸಂಭಾಷಣೆಯನ್ನು ಕಂಠಪಾಠ ಮಾಡಬೇಕಾಯಿತು. ಸ್ಟುಡಿಯೋದೊಳಗೆ ಶಾಲೆಯಿತ್ತು, ಪ್ರೀತಿಯಿಂದ ಕಲಿಸುವ ಉಪಾಧ್ಯಾಯಿನಿಯಿದ್ದರು. ಆ ದಿನಗಳನ್ನು ಸಂತೋಷದಿಂದ ನೆನೆದವರೂ ಇದ್ದಾರೆ. ಆದರೆ ಬೆಳೆಯುವುದೇ ಅಲ್ಲಿ ಅಪರಾಧ. ಎತ್ತರ ಹೆಚ್ಚಿದೊಡನೆ ಹಳೆಯ ಮಗು ಹೊರಗೆ, ಹೊಸ ಮಗು ಒಳಗೆ.

ಇನ್ನೊಂದು ಅಂಶವನ್ನೂ ಮರೆಯಲಾಗದು. ಕರಿಯರೂ ಬಿಳಿಯರೂ ಒಂದೇ ಶಾಲೆಯಲ್ಲಿ ಕೂಡುವುದನ್ನು ಅಮೆರಿಕದ ದಕ್ಷಿಣ ರಾಜ್ಯಗಳ ಕಾನೂನು ನಿಷೇಧಿಸಿದ್ದ ಕಾಲದಲ್ಲಿ, ಈ ಪಟಾಲಮ್ಮಿನ ಮಕ್ಕಳು ಬಣ್ಣದ ಭೇದವಿಲ್ಲದೆ ಕೂಡಿ ಆಡಿದರು. ಅರ್ನಿ ಮಾರಿಸನ್, ಅಲೆನ್ ಹಾಸ್ಕಿನ್ಸ್, ಮ್ಯಾಥ್ಯೂ ಬಿಯರ್ಡ್ ಎಂಬ ಕರಿಯ ಬಾಲಕರು ದೇಶಕ್ಕೆಲ್ಲ ಪರಿಚಿತರಾದರು. ಹಾಗೆಂದು ಅವರ ಪಾತ್ರಗಳು ಅವಹೇಳನದಿಂದ ಮುಕ್ತವಾಗಿರಲಿಲ್ಲ. ಕರಿಯರನ್ನು ಕುರಿತು ಬಿಳಿಯರು ರೂಢಿಸಿಕೊಂಡಿದ್ದ ಕುಚೋದ್ಯಗಳು ಈ ಎಳೆಯರ ಬಾಯಿಗೂ ಬಂದವು.

ಪಟಾಲಮ್ಮಿನಿಂದ ಹೊರಬಂದ ಜಾಕಿ ಕೂಪರ್ 1931ರ 'ಸ್ಕಿಪ್ಪಿ' ಎಂಬ ಪೂರ್ಣಪ್ರಮಾಣದ ಚಿತ್ರದಲ್ಲಿ ಅತ್ತು ಪ್ರೇಕ್ಷಕರನ್ನು ಅಳಿಸಿದ. ಆ ಕಣ್ಣೀರು ಅಭಿನಯವಲ್ಲ. ನಿನ್ನ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುತ್ತೇನೆಂದು ನಿರ್ದೇಶಕನೇ ಹುಡುಗನನ್ನು ಹೆದರಿಸಿದ್ದ. ಆತ ಹುಡುಗನ ಬಂಧುವೂ ಆಗಿದ್ದ. ಅರ್ಧ ಶತಮಾನ ಕಳೆದ ಮೇಲೆ, 1981ರಲ್ಲಿ, ಕೂಪರ್ ಆತ್ಮಕಥೆ ಬರೆದಾಗ ಅದರ ಹೆಸರಿನಲ್ಲಿಯೇ ಆ ನಾಯಿಯ ಪ್ರಾಣಭಿಕ್ಷೆಯನ್ನಿಟ್ಟರು.

ಈ ದುಡಿಮೆಯ ಫಲ ಯಾರದು ಎಂಬ ಪ್ರಶ್ನೆ 1938ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಚಾಪ್ಲಿನ್ನನ 'ದಿ ಕಿಡ್' ಚಿತ್ರದಿಂದ 1921ರಲ್ಲಿ ಜಗತ್ಪ್ರಸಿದ್ಧನಾದ ಜಾಕಿ ಕೂಗನ್, ತನ್ನ ಗಳಿಕೆಗಾಗಿ ತಾಯಿಯ ಮೇಲೂ ಮಲತಂದೆಯ ಮೇಲೂ ದಾವೆ ಹೂಡಿದ. ಗಳಿಕೆ ಮೂವತ್ತು ನಾಲ್ವತ್ತು ಲಕ್ಷ ಡಾಲರುಗಳೆಂದು ಅಂದಾಜು. ಕೈಗೆ ಬಂದದ್ದು ಸುಮಾರು 1,26,000. ಅಪ್ರಾಪ್ತ ವಯಸ್ಕರ ಸಂಪಾದನೆ ಹೆತ್ತವರಿಗೇ ಸೇರತಕ್ಕದ್ದೆಂಬುದು ಆಗಿನ ಕಾನೂನು. ಅದೇ ವರ್ಷ ಅಮೆರಿಕದ ಕೇಂದ್ರ ಸರ್ಕಾರ ಬಾಲಕಾರ್ಮಿಕರ ದುಡಿಮೆಗೆ ಕಡಿವಾಣ ಹಾಕುವ ಶಾಸನವನ್ನು ತಂದಿತು. ಆದರೆ ಬಾಲನಟರನ್ನು ಅದರಿಂದ ಹೊರಗಿಟ್ಟಿತು. ಗಿರಣಿಯಲ್ಲಿ ದುಡಿಯುವ ಮಗು ಕಾರ್ಮಿಕ, ಕ್ಯಾಮೆರಾದ ಮುಂದೆ ದುಡಿಯುವ ಮಗು ಕಾರ್ಮಿಕನಲ್ಲ! ಆಟವೆಂಬ ಮಾತಿನ ಪರಿಣಾಮ ಇಲ್ಲಿ ಕಾಣುತ್ತದೆ.

1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕೂಗನ್ನನ ಹೆಸರಿನಿಂದ ಪ್ರಸಿದ್ಧವಾದ ಕಾನೂನನ್ನು ಮಾಡಿತು. ಅದು ನ್ಯಾಯಾಲಯ ಅನುಮೋದಿಸಿದ ಕರಾರುಗಳಿಗಷ್ಟೇ ಸೀಮಿತವಾದುದರಿಂದ ಅನೇಕ ಮಕ್ಕಳು ಅದರ ಆಚೆಗೇ ಉಳಿದರು. 'ಅವರ್ ಗ್ಯಾಂಗ್' ಚಿತ್ರಗಳು 1955ರಿಂದ ದೂರದರ್ಶನದಲ್ಲಿ ಮತ್ತೆ ಮತ್ತೆ ಪ್ರಸಾರವಾದಾಗಲೂ ಅವುಗಳಲ್ಲಿ ನಟಿಸಿದ್ದವರಿಗೆ ಪಾಲು ಸಲ್ಲಲಿಲ್ಲ. 2000ದಲ್ಲಿ ಜಾರಿಗೆ ಬಂದ ತಿದ್ದುಪಡಿಯಷ್ಟೇ ಮಗುವಿನ ಗಳಿಕೆ ಮಗುವಿನ ಸ್ವಂತ ಆಸ್ತಿಯೆಂದು ಸ್ಪಷ್ಟಪಡಿಸಿ, ಅದರಲ್ಲಿ ಶೇಕಡಾ 15ನ್ನು ಕಡ್ಡಾಯವಾಗಿ ಠೇವಣಿಯಿಡಬೇಕೆಂದು ವಿಧಿಸಿತು.

ಬೇಬಿ ಪೆಗಿ ಬೆಳೆದು ಡಯಾನಾ ಸೆರಾ ಕೇರಿ ಎಂಬ ಹೊಸ ಹೆಸರಿನಿಂದ ಲೇಖಕಿಯಾದರು. ಹಾಲಿವುಡ್ಡಿನ ಬಾಲನಟರ ಚರಿತ್ರೆಯನ್ನೂ, 2003ರಲ್ಲಿ ಜಾಕಿ ಕೂಗನ್ನನ ಜೀವನಚರಿತ್ರೆಯನ್ನೂ ಬರೆದರು. ಬಾಲನಟರ ಹಕ್ಕುಗಳಿಗಾಗಿ ದನಿಯೆತ್ತಿದರು. 2020ರಲ್ಲಿ, ತಮ್ಮ 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಕಿರುಚಿತ್ರಗಳಲ್ಲಿ ಹೆಚ್ಚಿನವು ಇಂದು ಉಳಿದಿಲ್ಲ. ಹೇಳಿದಂತೆ ಅತ್ತು, ಹೇಳಿದಂತೆ ನಕ್ಕ ಆ ಮಗು, ಯಾರೂ ಹೇಳದೆ ತಾನಾಗಿ ಆಡಿದ ಮಾತುಗಳು ಮಾತ್ರ ಪುಸ್ತಕಗಳಲ್ಲಿ ಉಳಿದಿವೆ. ಹಳೆಯ ಹಾಸ್ಯಚಿತ್ರಗಳನ್ನು ನೋಡಿ ನಾವು ಇಂದಿಗೂ ನಗುತ್ತೇವೆ, ನಗಬೇಕಾದದ್ದೂ ಹೌದು. ಅದು ಆ ಮಕ್ಕಳ ಕೆಲಸಕ್ಕೆ ಸಲ್ಲುವ ಗೌರವವೇ. ಅದು ಕೆಲಸವಾಗಿತ್ತೆಂಬುದನ್ನು ನಗುವಾಗ ನೆನೆದರೆ ಸಾಕು.