ಏರ್ ಬ್ರೇಕ್ ದೋಷ ಪತ್ತೆ (ಭಾರಿ ಲಾರಿ)

ಒತ್ತಡದ ಗಾಳಿಯಿಂದ ಕೆಲಸ ಮಾಡುವ ಬ್ರೇಕಿನ ಲೋಪವನ್ನು ಹಂತಹಂತವಾಗಿ ಗುರುತಿಸುವ ವಿಧಾನ. ಆಲೂರು ತಾಲ್ಲೂಕಿನ ಪಾಳ್ಯವನ್ನೂ ಸಕಲೇಶಪುರ ಪಟ್ಟಣವನ್ನೂ ಹಾದು ಶಿರಾಡಿ ಘಾಟಿಯಲ್ಲಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 75ರ ಲಾರಿಗಳಿಗೆ ಇದು ಅತ್ಯಗತ್ಯ.

ತಪಾಸಣೆಗೆ ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು. ಎಂಜಿನ್ ಓಡುತ್ತಿದ್ದರೂ ಗಾಳಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ಸಾಮಾನ್ಯ ಮಟ್ಟವಾದ ಸುಮಾರು 7–8 ಬಾರ್‌ಗೆ ಏರದಿದ್ದರೆ ಕಂಪ್ರೆಸರ್ ಸವೆದಿರಬಹುದು ಅಥವಾ ಗಾಳಿ ಸೋರುತ್ತಿರಬಹುದು. ಎಂಜಿನ್ ಆರಿಸಿ ಪೈಪು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಸೋರಿದರೆ ಬ್ರೇಕ್ ಚೇಂಬರಿನ ಡಯಾಫ್ರಮ್ ಅಥವಾ ಪೆಡಲ್ ವಾಲ್ವ್ ನೋಡಬೇಕು. ಲಾರಿ ಒಂದು ಬದಿಗೆ ಎಳೆದರೆ ಸ್ಲ್ಯಾಕ್ ಅಡ್ಜಸ್ಟರ್ ಹೊಂದಾಣಿಕೆ ತಪ್ಪಿರಬಹುದು, ಇಲ್ಲವೇ ಲೈನರಿಗೆ ಎಣ್ಣೆ ತಗುಲಿರಬಹುದು. ಹಿಂದಿನ ಚಕ್ರಗಳ ಬ್ರೇಕ್ ಬಿಡದಿರುವುದು ಹೆಚ್ಚಾಗಿ ಗಾಳಿ ಕಡಿಮೆಯಾಗಿ ಸ್ಪ್ರಿಂಗ್ ಬ್ರೇಕ್ ಹಿಡಿದುಕೊಂಡದ್ದರ ಲಕ್ಷಣ.

ಮಲೆನಾಡಿನ ತೇವದ ಹವೆಯಲ್ಲಿ ಏರ್ ಟ್ಯಾಂಕಿನಲ್ಲಿ ನೀರು ಬೇಗ ಸೇರುತ್ತದೆ. ಅದನ್ನು ನಿತ್ಯ ಹೊರಬಿಡಬೇಕು. ಇಳಿಜಾರಿನಲ್ಲಿ ಗಾಳಿ ತುಂಬಿದ್ದರೂ ಬ್ರೇಕಿನ ಹಿಡಿತ ಕುಗ್ಗಿದರೆ ಹೆಚ್ಚಾಗಿ ಡ್ರಮ್ ಕಾದಿರುತ್ತದೆ. ಘಾಟಿ ಇಳಿಯುವ ಮೊದಲೇ ಕೆಳಗಿನ ಗೇರ್ ಹಾಕಿ ಎಕ್ಸಾಸ್ಟ್ ಬ್ರೇಕ್ ಬಳಸುವುದು ಇದಕ್ಕೆ ಪರಿಹಾರ. ಕಡಿಮೆ ಗಾಳಿಯ ಎಚ್ಚರಿಕೆ ಬಂದ ಲಾರಿಯನ್ನು ದೋಷ ಸರಿಪಡಿಸದೆ ಓಡಿಸಬಾರದು.